ಆಟದ ಗೆರೆ

ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆ ಒಂದು ಹೋಬಳಿಯ ಊರು. ಘಾಟಿ ಸುಬ್ರಹ್ಮಣ್ಯ ಕ್ಷೇತ್ರಕ್ಕೆ ಹೋಗುವ ಯಾತ್ರಿಕರಿಗೆ ಈ ಹೆಸರು ಪರಿಚಿತ. ಇಂತಹ ಊರುಗಳಲ್ಲಿ ಕಬಡ್ಡಿ ಪಂದ್ಯದ ಹಿಂದಿನ ಸಂಜೆ ಕಾಣುವ ನೋಟವೊಂದುಂಟು. ಹೊಲದಿಂದ ಹಿಂದಿರುಗಿದ ತರುಣರು, ಮಗ್ಗದ ಕೆಲಸ ಮುಗಿಸಿದ ಹುಡುಗರು, ಶಾಲೆ ಬಿಟ್ಟ ವಿದ್ಯಾರ್ಥಿಗಳು ಬಯಲಿನಲ್ಲಿ ಕೂಡುತ್ತಾರೆ. ಕಲ್ಲುಮುಳ್ಳುಗಳನ್ನು ಆಯ್ದು ನೆಲವನ್ನು ಹಸನುಮಾಡುತ್ತಾರೆ. ಗೂಟಗಳನ್ನು ನೆಟ್ಟು, ಹುರಿಯನ್ನು ಬಿಗಿದು, ಅದರ ಗುಂಟ ಸುಣ್ಣದ ಪುಡಿಯನ್ನು ಉದುರಿಸುತ್ತ ಹೋಗುತ್ತಾರೆ. ಹುರಿಯನ್ನು ತೆಗೆದಾಗ ನೆಲದ ಮೇಲೆ ಬೆಳ್ಳನೆಯ ಗೆರೆಯೊಂದು ಉಳಿಯುತ್ತದೆ.

ಆ ಗೆರೆಗೆ ಎತ್ತರವಿಲ್ಲ, ದಪ್ಪವಿಲ್ಲ. ಕೋಳಿಯೊಂದು ಅದನ್ನು ಸಲೀಸಾಗಿ ದಾಟಿಹೋಗುತ್ತದೆ. ಜೋರಾಗಿ ಗಾಳಿ ಬೀಸಿದರೆ ಅದು ಅರ್ಧ ಅಳಿಸಿಹೋಗುತ್ತದೆ. ಆದರೆ ಮರುದಿನ ಪಂದ್ಯ ಆರಂಭವಾದಾಗ, ನಾಲ್ವರನ್ನು ಎಳೆದುಕೊಂಡು ಹೋಗಬಲ್ಲ ಕಟ್ಟುಮಸ್ತಾದ ಯುವಕನೂ ಆ ಗೆರೆಗೆ ಅಂಜಿ ನಡೆಯುತ್ತಾನೆ. ಕಾಲು ಅದರಾಚೆಗೆ ಹೋದರೆ ತಲೆ ತಗ್ಗಿಸಿ ಅಂಕಣದಿಂದ ಹೊರಬರುತ್ತಾನೆ. ಅವನನ್ನು ಹಿಡಿದು ಹೊರಗೆ ನೂಕಲು ಅಲ್ಲಿ ಪೊಲೀಸರಿಲ್ಲ. ದಂಡ ವಿಧಿಸಲು ನ್ಯಾಯಾಲಯವಿಲ್ಲ. ಹಾಗಾದರೆ ಹಿಡಿ ಸುಣ್ಣಕ್ಕೆ ಇಷ್ಟು ಬಲ ಎಲ್ಲಿಂದ ಬಂತು?

ಈ ಪ್ರಶ್ನೆ ಹವ್ಯಾಸಿ ಆಟಗಾರನ ವಿಷಯದಲ್ಲಿ ಇನ್ನಷ್ಟು ಅರ್ಥಪೂರ್ಣವಾಗುತ್ತದೆ. ವೃತ್ತಿಯಾಗಿ ಆಡುವವನಿಗೆ ಒಪ್ಪಂದವಿದೆ, ಸಂಭಾವನೆಯಿದೆ. ತಪ್ಪು ಮಾಡಿದರೆ ಹಣ ಕಡಿತವಾಗುತ್ತದೆ. ಹೆಚ್ಚು ತಪ್ಪಿದರೆ ಕೆಲಸವೇ ಹೋಗುತ್ತದೆ. ಹವ್ಯಾಸಿ ಆಟಗಾರನಿಗೆ ಇವು ಯಾವುವೂ ಇಲ್ಲ. ಅವನು ತನ್ನ ಕೈಯಿಂದಲೇ ಚಂದಾ ಕೊಟ್ಟು, ತನ್ನ ಬಿಡುವನ್ನೇ ಖರ್ಚು ಮಾಡಿ, ಮೈಕೈ ತರಚಿಸಿಕೊಂಡು ಆಡುತ್ತಾನೆ. ಸಂತೋಷಕ್ಕಾಗಿ ಆಡುವವನಿಗೆ ಕಟ್ಟುನಿಟ್ಟೇಕೆ ಎಂದು ಕೆಲವರು ಕೇಳುತ್ತಾರೆ. ಮೇಲುನೋಟಕ್ಕೆ ಈ ಮಾತು ಸರಿಯೆಂದೇ ತೋರುತ್ತದೆ. ಆದರೆ ಆಟದ ಒಳಗೆ ಇಳಿದು ನೋಡಿದಾಗ ಬೇರೊಂದು ಸತ್ಯ ಕಾಣುತ್ತದೆ. ಹೊರಗಿನ ಬಿಗಿ ಇಲ್ಲದಲ್ಲಿ ಒಳಗಿನ ಬಿಗಿಯೇ ಆಟವನ್ನು ಕಾಯಬೇಕು. ಸಂಬಳವಿಲ್ಲದ ಆಟಗಾರನಿಗೆ ಅವನ ನಡತೆಯೇ ಸಂಪಾದನೆ.

ಕಬಡ್ಡಿಯನ್ನೇ ನೋಡಬಹುದು. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಪ್ರತಿ ಪಕ್ಷದಲ್ಲಿ ಏಳು ಜನ. ಮೈಗೆ ಮೈ ತಾಗಿಸಿ, ಕಾಲು ಹಿಡಿದು, ಸೊಂಟ ಕಟ್ಟಿ ಆಡುವ ಆಟವಿದು. ಜಗಳಕ್ಕೂ ಇದಕ್ಕೂ ಇರುವ ಅಂತರ ಕೂದಲೆಳೆಯಷ್ಟು. ಆ ಅಂತರವನ್ನು ಉಳಿಸಿರುವುದು ನಿಯಮ. ಆಟಗಾರನು ಉಗುರುಗಳನ್ನು ಕತ್ತರಿಸಿಕೊಂಡಿರಬೇಕು. ಉಂಗುರ, ಕಡಗ ಮುಂತಾದ ಒಡವೆಗಳನ್ನು ತೊಡಬಾರದು. ಹಿಡಿತಕ್ಕೆ ಸಿಗದೆ ಜಾರಲೆಂದು ಮೈಗೆ ಎಣ್ಣೆ ಸವರಿಕೊಳ್ಳಬಾರದು. ದಾಳಿಗೆ ಬಂದವನ ಬಾಯಿ ಮುಚ್ಚಿ ಅವನ ಉಸಿರನ್ನು ಅಡಗಿಸುವಂತಿಲ್ಲ. ಅವನಿಗೆ ಗಾಯವಾಗುವಂತೆ ಕ್ರೂರವಾಗಿ ಹಿಡಿಯುವಂತಿಲ್ಲ. ದಾಳಿಗಾರನಿಗೂ ಕಟ್ಟುಪಾಡಿದೆ: ಒಂದೇ ಉಸಿರಿನಲ್ಲಿ ‘ಕಬಡ್ಡಿ, ಕಬಡ್ಡಿ’ ಎಂದು ಎಲ್ಲರಿಗೂ ಕೇಳುವಂತೆ ನುಡಿಯುತ್ತಲೇ ಇರಬೇಕು. ತಪ್ಪಿ ನಡೆದವರಿಗೆ ಮೊದಲು ಹಸುರು ಚೀಟಿಯ ಎಚ್ಚರಿಕೆ. ಹಳದಿ ಚೀಟಿಗೆ ಎರಡು ನಿಮಿಷ ಹೊರಗೆ. ಕೆಂಪು ಚೀಟಿಗೆ ಪಂದ್ಯದಿಂದಲೇ ಹೊರಗೆ.

ಈ ನಿಯಮಗಳನ್ನು ಒಂದೊಂದಾಗಿ ಪರಿಶೀಲಿಸಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ಇವುಗಳಲ್ಲಿ ಹೆಚ್ಚಿನವು ಆಟಗಾರನ ಸ್ವಂತ ಹಿತಕ್ಕಾಗಿ ಹುಟ್ಟಿದವಲ್ಲ. ಎದುರಾಳಿಯ ಹಿತಕ್ಕಾಗಿ ಹುಟ್ಟಿದವು. ಉಗುರು ಕತ್ತರಿಸಿಕೊಳ್ಳುವವನು ಬೇರೊಬ್ಬನ ಚರ್ಮವನ್ನು ಕಾಪಾಡುತ್ತಾನೆ. ಉಂಗುರ ಕಳಚಿಡುವವನು ಬೇರೊಬ್ಬನ ಕಣ್ಣನ್ನು ಕಾಪಾಡುತ್ತಾನೆ. ಸೋಲಿಸಬೇಕೆಂದು ಹೊರಟವನನ್ನೇ ನೋಯದಂತೆ ನೋಡಿಕೊಳ್ಳಬೇಕೆನ್ನುವುದು ಆಟದ ಮೊದಲ ಧರ್ಮ.

ಖೋ ಖೋ ಆಟದಲ್ಲಿ ಈ ಸಂಯಮ ಮತ್ತೊಂದು ರೂಪದಲ್ಲಿ ಕಾಣುತ್ತದೆ. ಅಲ್ಲಿ ಓಡುವವನು ಎತ್ತ ಬೇಕಾದರೂ ನುಸುಳಬಹುದು. ಬೆನ್ನಟ್ಟುವವನಿಗೆ ಆ ಸ್ವಾತಂತ್ರ್ಯವಿಲ್ಲ. ಸಾಲಾಗಿ ಕುಳಿತ ತನ್ನವರ ನಡುವೆ ಅವನು ನುಗ್ಗುವಂತಿಲ್ಲ. ಹಿಡಿದ ದಿಕ್ಕನ್ನು ನಡುವೆ ಬದಲಿಸುವಂತಿಲ್ಲ. ಓಟಗಾರ ಕೈಗೆಟುಕುವಷ್ಟು ಹತ್ತಿರದಲ್ಲಿದ್ದರೂ ನಡುಗೆರೆಯ ಆಚೆ ಇದ್ದರೆ, ಕುಳಿತಿರುವ ಜೊತೆಗಾರನ ಬೆನ್ನು ಮುಟ್ಟಿ ‘ಖೋ’ ಎಂದು ಹೇಳಿ, ತನ್ನ ಅವಕಾಶವನ್ನು ಅವನಿಗೆ ಒಪ್ಪಿಸಬೇಕು. ಈ ಕಟ್ಟು ಇಲ್ಲದಿದ್ದರೆ ಖೋ ಖೋ ಬರಿಯ ಓಟವಾಗುತ್ತಿತ್ತು. ಎಲ್ಲರಿಗಿಂತ ಜೋರಾಗಿ ಓಡುವ ಒಬ್ಬನೇ ಗೆಲ್ಲುತ್ತಿದ್ದ. ಕಟ್ಟು ಇರುವುದರಿಂದ ಅದು ಒಂಬತ್ತು ಜನರ ಆಟವಾಯಿತು.

ಈ ಬಗೆಯ ಶಿಸ್ತು ಕನ್ನಡ ನಾಡಿಗೆ ಹೊಸದೇನೂ ಅಲ್ಲ. ಮೈಸೂರಿನಂತಹ ಊರುಗಳ ಗರಡಿಮನೆಗಳು ಇದಕ್ಕೆ ಸಾಕ್ಷಿ. ಗರಡಿಯೊಳಗೆ ಪಾದರಕ್ಷೆ ಮೆಟ್ಟಿ ಹೋಗುವಂತಿಲ್ಲ. ಅಖಾಡಕ್ಕೆ ಇಳಿಯುವ ಮೊದಲು ಆಂಜನೇಯನಿಗೆ ಕೈಮುಗಿದು, ಮಣ್ಣನ್ನು ಮುಟ್ಟಿ ಹಣೆಗೆ ಒತ್ತಿಕೊಳ್ಳಬೇಕು. ನಸುಕಿನಲ್ಲೇಳಬೇಕು, ಊಟದಲ್ಲಿ ಹಿತಮಿತ ಇರಬೇಕು, ದುಶ್ಚಟಗಳಿಂದ ದೂರವಿರಬೇಕು. ಉಸ್ತಾದರ ಮಾತಿಗೆ ಎದುರಾಡುವಂತಿಲ್ಲ. ಕುಸ್ತಿಗೆ ನಿಂತ ಇಬ್ಬರು ಮೊದಲು ಕೈಕೈ ತಾಗಿಸಿಯೇ ಪಟ್ಟು ಹಿಡಿಯಬೇಕು. ಅಲ್ಲಿ ಕಲಿತ ಪಟ್ಟುಗಳನ್ನು ಬೀದಿಯ ಜಗಳದಲ್ಲಿ ಬಳಸುವುದು ಗರಡಿಗೆ ಮಾಡಿದ ಅವಮಾನವೆಂದು ಹಿರಿಯರು ಭಾವಿಸುತ್ತಿದ್ದರು. ಬಲ ಹೆಚ್ಚಿದಂತೆ ವಿನಯವೂ ಹೆಚ್ಚಬೇಕೆಂಬುದು ಗರಡಿಯ ತಿಳಿವಳಿಕೆ.

ಆಟದ ನಿಯಮಗಳ ಜೊತೆಗೆ ತಂಡದ ಕಟ್ಟಳೆಗಳೂ ಇರುತ್ತವೆ. ಹೊತ್ತಿಗೆ ಸರಿಯಾಗಿ ಬರುವುದು, ಬರಲಾಗದಿದ್ದರೆ ಮೊದಲೇ ತಿಳಿಸುವುದು, ತೀರ್ಪುಗಾರರೊಡನೆ ನಾಯಕನ ಹೊರತು ಬೇರೆ ಯಾರೂ ವಾದಿಸದಿರುವುದು, ಸೋತಾಗ ಎದುರಾಳಿಯ ಕೈಕುಲುಕಿ ಬರುವುದು ಇವೆಲ್ಲ ಅಂತಹವು. ಇವುಗಳಲ್ಲಿ ಊರಿನ ತಂಡಗಳನ್ನು ಬಹುವಾಗಿ ಪರೀಕ್ಷಿಸುವ ಕಟ್ಟಳೆಯೊಂದಿದೆ: ತಂಡದ ಹೆಸರಿನಲ್ಲಿ ತಂಡದವರೇ ಆಡಬೇಕು. ಬಹುಮಾನದ ಆಸೆಗೆ ಬೇರೆ ಊರಿನ ಬಲಶಾಲಿಯನ್ನು ಕರೆತಂದು, ಇಲ್ಲದ ಹೆಸರು ಕೊಟ್ಟು ಆಡಿಸುವುದುಂಟು. ಆಗ ವರ್ಷವೆಲ್ಲ ಅಭ್ಯಾಸ ಮಾಡಿದ ಊರಿನ ಹುಡುಗ ಗೆರೆಯ ಹೊರಗೆ ಕುಳಿತು ನೋಡಬೇಕಾಗುತ್ತದೆ. ಕಪ್ಪು ಊರಿಗೆ ಬರುತ್ತದೆ; ಆದರೆ ಗೆದ್ದವರು ಊರಿನವರಲ್ಲ.

ಈ ವಿಷಯದಲ್ಲಿ ಕೊಡಗಿನ ಕೌಟುಂಬಿಕ ಹಾಕಿ ಹಬ್ಬವು ನೆನೆಯತಕ್ಕದ್ದು. ಪಾಂಡಂಡ ಕುಟ್ಟಪ್ಪನವರ ಪ್ರಯತ್ನದಿಂದ 1997ರಲ್ಲಿ ಕರಡ ಗ್ರಾಮದಲ್ಲಿ 60 ಕುಟುಂಬಗಳ ತಂಡಗಳೊಡನೆ ಅದು ಆರಂಭವಾಯಿತು. 2024ರಲ್ಲಿ ನಾಪೋಕ್ಲಿನಲ್ಲಿ ನಡೆದ ಹಬ್ಬದಲ್ಲಿ 360 ತಂಡಗಳು ಸೇರಿ, ಅದು ಗಿನ್ನೆಸ್ ದಾಖಲೆಗೆ ಪಾತ್ರವಾಯಿತು. ಅಲ್ಲಿ ತಂಡಕ್ಕೆ ಹೆಸರು ಕೊಡುವುದು ಮನೆತನ. ದೇಶವನ್ನು ಪ್ರತಿನಿಧಿಸಿದ ಆಟಗಾರನೂ ತನ್ನ ಮನೆತನದ ಪರವಾಗಿ, ಹಿರಿಯರ ಮತ್ತು ಎಳೆಯರ ಜೊತೆಯಲ್ಲಿ ಕೋಲು ಹಿಡಿಯುತ್ತಾನೆ. ಹೆಣ್ಣುಮಕ್ಕಳೂ ಅದೇ ತಂಡದಲ್ಲಿ ಆಡುತ್ತಾರೆ. ಗೆಲ್ಲಲು ಬೇಕಾದ ಬಲವನ್ನು ಹೊರಗಿನಿಂದ ಕೊಂಡು ತರಲಾಗದಿದ್ದರೆ, ಇರುವವರನ್ನೇ ತಿದ್ದಿ ಬೆಳೆಸಬೇಕಾಗುತ್ತದೆ. ಕಟ್ಟಳೆಯೊಂದು ಆಟವನ್ನು ಕುಗ್ಗಿಸುವ ಬದಲು ಹಿಗ್ಗಿಸಿದ ಬಗೆ ಇದು.

ಹವ್ಯಾಸಿ ಪಂದ್ಯಗಳಲ್ಲಿ ಎಲ್ಲರಿಗಿಂತ ಕಷ್ಟದ ಸ್ಥಾನ ತೀರ್ಪುಗಾರನದು. ಅವನೂ ಹೆಚ್ಚಾಗಿ ಹವ್ಯಾಸಿಯೇ. ಊರಿನ ವ್ಯಾಯಾಮ ಶಿಕ್ಷಕನೋ ಹಳೆಯ ಆಟಗಾರನೋ ಬಿಸಿಲಲ್ಲಿ ನಿಂತು ಸೀಟಿ ಊದುತ್ತಾನೆ. ‘ಮುಟ್ಟಿದ’, ‘ಮುಟ್ಟಲಿಲ್ಲ’ ಎಂಬ ಎರಡು ಕೂಗುಗಳ ನಡುವೆ ಕ್ಷಣದಲ್ಲಿ ನಿರ್ಣಯ ಕೊಡಬೇಕು. ಅವನ ಕಣ್ಣು ತಪ್ಪುವುದುಂಟು. ಆದರೆ ಪ್ರತಿ ನಿರ್ಣಯಕ್ಕೂ ಅವನನ್ನು ಸುತ್ತುವರಿದು ಬೈಯುವುದಾದರೆ ಮುಂದಿನ ವರ್ಷ ಸೀಟಿ ಹಿಡಿಯಲು ಯಾರೂ ಬರುವುದಿಲ್ಲ. ತೀರ್ಪುಗಾರನಿಲ್ಲದ ಊರಿನಲ್ಲಿ ಪಂದ್ಯವೂ ಉಳಿಯುವುದಿಲ್ಲ. ‘ಸಜ್ಜನರ ಆಟ’ವೆಂದು ಹೆಸರಾದ ಕ್ರಿಕೆಟ್ಟಿನಲ್ಲಿಯೂ ಈ ಅಪಾಯ ತೋರಿತು. ಅದರ ನಿಯಮಗಳನ್ನು ರೂಪಿಸುವ ಮೇರಿಲೆಬೋನ್ ಕ್ರಿಕೆಟ್ ಕ್ಲಬ್ 2000ದಲ್ಲಿ ಆಟದ ಸದ್ಭಾವವನ್ನು ಕುರಿತು ಪೀಠಿಕೆಯೊಂದನ್ನು ಸೇರಿಸಿತು. ಬುದ್ಧಿವಾದ ಸಾಲದೆಂದು ತೋರಿದಾಗ, 2017ರಲ್ಲಿ ಆಟಗಾರರ ನಡತೆಗಾಗಿಯೇ 42ನೆಯ ನಿಯಮವನ್ನು ರಚಿಸಿತು. ಅಂಪೈರನ್ನು ಬೆದರಿಸಿದವನನ್ನೂ ಹೊಡೆದಾಟಕ್ಕಿಳಿದವನನ್ನೂ ಪಂದ್ಯದಿಂದ ಹೊರಗೆ ಕಳುಹಿಸುವ ಅಧಿಕಾರ ಆಗ ಅಂಪೈರಿಗೆ ದೊರೆಯಿತು. ಮನಸ್ಸು ಮಾಡಬೇಕಾದ ಕೆಲಸವನ್ನು ಮನಸ್ಸು ಮಾಡದಿದ್ದಾಗ ಕಾನೂನು ಬರುತ್ತದೆ.

ಮನಸ್ಸೇ ಕಾನೂನಾದ ನಿದರ್ಶನವೂ ಕನ್ನಡಿಗರ ಪಾಲಿಗಿದೆ. 1980ರ ಫೆಬ್ರವರಿಯಲ್ಲಿ ಮುಂಬಯಿಯ ವಾಂಖೆಡೆ ಮೈದಾನದಲ್ಲಿ ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್ ಪಂದ್ಯ ನಡೆಯಿತು. ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ ಭಾರತದ ನಾಯಕರಾಗಿದ್ದರು. ಭಾರತದ 242 ಓಟಗಳಿಗೆ ಉತ್ತರವಾಗಿ ಆಡುತ್ತಿದ್ದ ಇಂಗ್ಲೆಂಡ್ 58 ಓಟಗಳಿಗೆ ಐದು ಹುದ್ದರಿಗಳನ್ನು ಕಳೆದುಕೊಂಡು ತತ್ತರಿಸುತ್ತಿತ್ತು. ಅನಂತರ ಬಾಬ್ ಟೇಲರ್ ಎಂಬ ಆಟಗಾರ ವಿಕೆಟ್ ಕೀಪರಿಗೆ ಕ್ಯಾಚಿತ್ತು ಔಟಾದನೆಂದು ಅಂಪೈರ್ ನಿರ್ಣಯವಿತ್ತರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ವಿಶ್ವನಾಥರಿಗೆ ಖಚಿತವಾಗಿತ್ತು. ಅವರು ಅಂಪೈರರ ಬಳಿಗೆ ಹೋಗಿ ಮನವಿ ಮಾಡಿ, ಟೇಲರನನ್ನು ಮತ್ತೆ ಆಟಕ್ಕೆ ಕರೆಸಿದರು.

ಅದರ ಬೆಲೆ ಸಣ್ಣದಾಗಿರಲಿಲ್ಲ. ಟೇಲರ್ 43 ಓಟ ಗಳಿಸಿದನು. ಶತಕ ಹೊಡೆದ ಇಯಾನ್ ಬಾಥಮನೊಡನೆ ಸೇರಿ 171 ಓಟಗಳ ಜೊತೆಯಾಟ ಕಟ್ಟಿದನು. ಇಂಗ್ಲೆಂಡ್ ಹತ್ತು ಹುದ್ದರಿಗಳಿಂದ ಗೆದ್ದಿತು. ವಿಶ್ವನಾಥರು ಟೆಸ್ಟ್ ತಂಡದ ನಾಯಕರಾದದ್ದು ಎರಡೇ ಪಂದ್ಯಗಳಲ್ಲಿ. ಅವುಗಳಲ್ಲಿ ಒಂದು ಹೀಗೆ ಸೋಲಿನಲ್ಲಿ ಕೊನೆಗೊಂಡಿತು. ಅಂಪೈರರ ನಿರ್ಣಯವನ್ನು ಒಪ್ಪಿ ಸುಮ್ಮನಿದ್ದಿದ್ದರೆ ಯಾರೂ ಅವರನ್ನು ದೂರುತ್ತಿರಲಿಲ್ಲ. ಯಾವ ನಿಯಮವೂ ಅವರನ್ನು ಒತ್ತಾಯಿಸಿರಲಿಲ್ಲ. ತಮ್ಮದಲ್ಲದ ಲಾಭವನ್ನು ಅವರು ಹಿಂದಕ್ಕೆ ಕೊಟ್ಟರು. ಅಂದಿನ ಅಂಕಪಟ್ಟಿಯನ್ನು ಮರೆತವರೂ ಆ ಒಂದು ಕ್ಷಣವನ್ನು ಮರೆತಿಲ್ಲ.

ಆದರೆ ಕಟ್ಟುನಿಟ್ಟಾದ ನಿಯಮಗಳೆಲ್ಲವೂ ನ್ಯಾಯವಾದವೆಂದು ತಿಳಿಯಬಾರದು. ಹವ್ಯಾಸಿ ಕ್ರೀಡೆಯ ಚರಿತ್ರೆಯಲ್ಲಿಯೇ ಇದಕ್ಕೆ ನೋವಿನ ಸಾಕ್ಷ್ಯಗಳಿವೆ. ಇಂಗ್ಲೆಂಡಿನ ದೋಣಿ ಸ್ಪರ್ಧೆಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಕೂಲಿಕಾರರನ್ನೂ ಕೈಕೆಲಸದವರನ್ನೂ ಹವ್ಯಾಸಿಗಳೆಂದು ಪರಿಗಣಿಸುತ್ತಿರಲಿಲ್ಲ. ಮೈಬಗ್ಗಿಸಿ ದುಡಿಯುವವನಿಗೆ ತೋಳಿನ ಬಲ ಹೆಚ್ಚು, ಆದ್ದರಿಂದ ಅವನೊಡನೆ ಸ್ಪರ್ಧೆ ಸಮನಲ್ಲ ಎಂಬುದು ಅವರು ಕೊಟ್ಟ ಕಾರಣ. ಅದರ ಹಿಂದೆ ಇದ್ದುದು ಶ್ರೀಮಂತಿಕೆಯ ಬಿಂಕ. 1936ರಲ್ಲಿ ಒಲಿಂಪಿಕ್ಸಿಗೆ ಹೊರಟಿದ್ದ ಆಸ್ಟ್ರೇಲಿಯದ ದೋಣಿ ತಂಡವನ್ನು, ಅದರಲ್ಲಿದ್ದವರು ಪೊಲೀಸರೆಂಬ ಕಾರಣದಿಂದ, ಹೆನ್ಲಿಯ ಪ್ರಸಿದ್ಧ ಸ್ಪರ್ಧೆಗೆ ಸೇರಿಸಲಿಲ್ಲ. ಲೋಕ ನಕ್ಕಿತು, ಮರುವರ್ಷ ಆ ಕಟ್ಟಳೆ ಬಿದ್ದುಹೋಯಿತು.

ಅಮೆರಿಕದ ಆದಿನಿವಾಸಿ ಕುಲದ ಜಿಮ್ ಥಾರ್ಪ್‌ನ ಕಥೆ ಇನ್ನೂ ದಾರುಣ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಆತ ಪೆಂಟಾಥ್ಲಾನ್ ಮತ್ತು ಡೆಕಾಥ್ಲಾನ್ ಎರಡರಲ್ಲಿಯೂ ಚಿನ್ನ ಗೆದ್ದನು. ಅದಕ್ಕೆ ಮೊದಲು 1909 ಮತ್ತು 1910ರಲ್ಲಿ ಚಿಲ್ಲರೆ ಹಣಕ್ಕಾಗಿ ಬೇಸ್‌ಬಾಲ್ ಆಡಿದ್ದನೆಂದು ತಿಳಿದಾಗ, 1913ರಲ್ಲಿ ಅವನ ಪದಕಗಳನ್ನು ಕಸಿದುಕೊಳ್ಳಲಾಯಿತು. ಆಕ್ಷೇಪಣೆಗಳನ್ನು ಕ್ರೀಡಾಕೂಟದ ಬಳಿಕ 30 ದಿನಗಳೊಳಗೆ ಸಲ್ಲಿಸಬೇಕೆಂದು ಅದೇ ಕೂಟದ ನಿಯಮವಿತ್ತು. ಆ ಅವಧಿ ಎಂದೋ ಕಳೆದುಹೋಗಿತ್ತು. ಆಟಗಾರನಿಗೆ ನಿಯಮದ ಪಾಠ ಹೇಳಿದವರು ತಮಗಿದ್ದ ನಿಯಮವನ್ನು ಮರೆತರು. ಥಾರ್ಪ್ 1953ರಲ್ಲಿ ತೀರಿಕೊಂಡನು. ಅವನ ಗೆಲವನ್ನು ಮತ್ತೆ ಮಾನ್ಯಮಾಡಿದ್ದು 1982ರಲ್ಲಿ, ಅದೂ ಇತರರೊಡನೆ ಹಂಚಿಕೊಂಡ ಗೆಲವೆಂದು. ಅವನೊಬ್ಬನೇ ವಿಜೇತನೆಂದು ಒಪ್ಪಿಕೊಂಡದ್ದು 2022ರಲ್ಲಿ. ಎದುರಾಳಿಯ ಮೈಯನ್ನು ಕಾಯುವ ನಿಯಮ ಬೇರೆ, ಬಡವನನ್ನು ಬಾಗಿಲಲ್ಲಿ ತಡೆಯುವ ನಿಯಮ ಬೇರೆ. ಎರಡೂ ಕಟ್ಟುನಿಟ್ಟಾಗಿರಬಹುದು; ಎರಡೂ ಒಂದೇ ಅಲ್ಲ.

ಈ ವಿವೇಕ ದೂರದೇಶಗಳ ದೊಡ್ಡ ಸಂಸ್ಥೆಗಳಿಗಷ್ಟೇ ಬೇಕಾದುದಲ್ಲ. ತೂಬಗೆರೆಯಂತಹ ಊರಿನ ಬಯಲಿನಲ್ಲಿಯೂ ಅದರ ಅಗತ್ಯ ಬೀಳುತ್ತದೆ. ಅಲ್ಲಿ ಒಂದು ಕಬಡ್ಡಿ ತಂಡವಿದೆಯೆಂದು ಭಾವಿಸಬಹುದು. ಮೊದಲೇ ತಿಳಿಸದೆ ಮೂರು ದಿನ ಅಭ್ಯಾಸಕ್ಕೆ ಬಾರದವನು ಮುಂದಿನ ಪಂದ್ಯ ಆಡುವಂತಿಲ್ಲವೆಂದು ಆ ತಂಡದವರೆಲ್ಲ ಸೇರಿ ಕಟ್ಟಳೆ ಮಾಡಿಕೊಂಡಿದ್ದಾರೆ. ತಂಡದ ಅತ್ಯುತ್ತಮ ದಾಳಿಗಾರ ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದಲ್ಲಿ ದುಡಿಯುವ ಹುಡುಗ. ಕೆಲಸದ ಒತ್ತಡ ಹೆಚ್ಚಿ ನಾಲ್ಕು ದಿನ ಬರಲಿಲ್ಲ, ಹೇಳಿಯೂ ಕಳುಹಿಸಲಿಲ್ಲ. ನಾಳೆ ಅಂತಿಮ ಪಂದ್ಯ.

ಸಂಜೆ ಅವನು ಬಯಲಿಗೆ ಬರುತ್ತಾನೆ. ‘ಅಣ್ಣ, ನಾನು ಸುಮ್ಮನೆ ತಿರುಗಾಡಿಕೊಂಡು ಇರಲಿಲ್ಲ, ದುಡಿಯುತ್ತಿದ್ದೆ’ ಎಂದು ನಾಯಕನಿಗೆ ಹೇಳುತ್ತಾನೆ. ಆ ಮಾತು ನಿಜ. ‘ಒಂದು ದಿನದ ಮಟ್ಟಿಗೆ ಕಟ್ಟಳೆ ಪಕ್ಕಕ್ಕಿಡಪ್ಪ, ಊರಿನ ಮಾನದ ಪ್ರಶ್ನೆ’ ಎಂದು ಹಿರಿಯರು ಹೇಳುತ್ತಾರೆ. ಅವರ ಆಸೆಯೂ ಸಹಜ. ಆದರೆ ಗುಂಪಿನ ಅಂಚಿನಲ್ಲಿ ಮತ್ತೊಬ್ಬ ಹುಡುಗ ನಿಂತಿದ್ದಾನೆ. ಅವನು ಸಾಧಾರಣ ಆಟಗಾರ. ಹಿಂದಿನ ತಿಂಗಳು ರಾಗಿ ಕೊಯ್ಲಿಗೆ ಹೋಗಿ ಇದೇ ತಪ್ಪು ಮಾಡಿ, ಇದೇ ಕಟ್ಟಳೆಯಂತೆ ಹೊರಗೆ ಕುಳಿತಿದ್ದನು. ಆಗ ಅವನ ಪರವಾಗಿ ಯಾರೂ ಬಾಯಿ ಬಿಡಲಿಲ್ಲ. ಈಗ ಅವನೂ ಏನೂ ಹೇಳುತ್ತಿಲ್ಲ. ಸುಮ್ಮನೆ ನಾಯಕನ ಮುಖ ನೋಡುತ್ತಿದ್ದಾನೆ.

ನಾಯಕನ ಪರೀಕ್ಷೆ ಇರುವುದು ಆ ನೋಟದಲ್ಲಿ. ದಾಳಿಗಾರನನ್ನು ಆಡಿಸಿದರೆ ಕಪ್ಪು ಬರಬಹುದು. ಆದರೆ ಕಟ್ಟಳೆ ಇರುವುದು ಸಾಧಾರಣರಿಗೆ, ಸಮರ್ಥರಿಗಲ್ಲ ಎಂದು ಅಂದೇ ತೀರ್ಮಾನವಾಗಿಬಿಡುತ್ತದೆ. ಮುಂದೆ ಆ ತಂಡದಲ್ಲಿ ಯಾವ ಮಾತಿಗೂ ತೂಕವಿರುವುದಿಲ್ಲ. ಆದ್ದರಿಂದ ನಾಳಿನ ಪಂದ್ಯಕ್ಕೆ ಅವನು ಹೊರಗೆ ಉಳಿಯಲೇಬೇಕು. ಹಾಗೆಂದು ಅವನ ಮಾತನ್ನು ತಳ್ಳಿಹಾಕುವುದೂ ಸಲ್ಲದು. ದುಡಿದು ತಿನ್ನುವ ಹುಡುಗರ ತಂಡವು ಬಿಡುವಿದ್ದವರಿಗಷ್ಟೇ ಹೊಂದುವ ಕಟ್ಟಳೆ ಮಾಡಿಕೊಂಡಿದ್ದರೆ ಅದು ಹೆನ್ಲಿಯ ದಾರಿಯನ್ನೇ ಹಿಡಿದಂತೆ. ಪಂದ್ಯ ಮುಗಿದ ಮೇಲೆ ಎಲ್ಲರೂ ಕುಳಿತು ಯೋಚಿಸಬೇಕು. ಅಭ್ಯಾಸದ ಹೊತ್ತನ್ನು ಬದಲಿಸಬಹುದು. ಗೆಳೆಯನ ಮೂಲಕ ಹೇಳಿಕಳುಹಿಸಿದರೂ ಸಾಕೆಂದು ಮಾಡಬಹುದು. ಕಟ್ಟಳೆಯನ್ನು ಮುರಿಯುವುದು ಬೇರೆ, ತಿದ್ದುವುದು ಬೇರೆ. ಮುರಿಯುವವನು ತನಗೊಬ್ಬನಿಗೆ ದಾರಿ ಮಾಡಿಕೊಳ್ಳುತ್ತಾನೆ. ತಿದ್ದುವವನು ಎಲ್ಲರಿಗೂ ದಾರಿ ಮಾಡುತ್ತಾನೆ.

ಆ ದಾಳಿಗಾರ ಮರುದಿನ ಮನೆಯಲ್ಲಿ ಮುನಿಸಿಕೊಂಡು ಕುಳಿತರೆ ಅವನು ಒಳ್ಳೆಯ ಆಟಗಾರ ಮಾತ್ರ. ಬಯಲಿಗೆ ಬಂದು, ಗೆರೆಯ ಹೊರಗೆ ನಿಂತು, ದಣಿದ ಜೊತೆಗಾರರಿಗೆ ನೀರು ಕೊಟ್ಟರೆ ಅವನು ದೊಡ್ಡ ಆಟಗಾರ. ಅಂದು ತಂಡ ಸೋಲಬಹುದು. ಆದರೆ ಆ ಸೋಲಿನಿಂದ ತಂಡ ಒಡೆಯುವುದಿಲ್ಲ.

ತೂಬಗೆರೆಯ ಹೆಸರನ್ನು ಕೇಳಿದಾಗ ತೂಬು ಮತ್ತು ಕೆರೆ ಎರಡೂ ನೆನಪಿಗೆ ಬರುತ್ತವೆ. ಬಯಲುಸೀಮೆಯ ರೈತನಿಗೆ ತೂಬಿನ ಬೆಲೆ ಗೊತ್ತು. ತೂಬು ನೀರಿನ ಶತ್ರುವಲ್ಲ. ಅದು ನೀರನ್ನು ತಡೆಯುತ್ತದೆ, ಬೇಕಾದಾಗ ಬೇಕಾದಷ್ಟನ್ನು ಬಿಡುತ್ತದೆ. ಆದ್ದರಿಂದಲೇ ಮೇಲಿನ ಗದ್ದೆಗೂ ಕೊನೆಯ ಗದ್ದೆಗೂ ನೀರು ಸಲ್ಲುತ್ತದೆ. ತೂಬಿಲ್ಲದೆ ಏರಿ ಒಡೆದು ಹರಿದ ನೀರು ಪೈರನ್ನೇ ಕೊಚ್ಚಿಕೊಂಡು ಹೋಗುತ್ತದೆ. ತೂಬು ತುಕ್ಕು ಹಿಡಿದು ತೆರೆಯದೆ ಹೋದರೆ ಕೆರೆ ತುಂಬಿದ್ದರೂ ಗದ್ದೆ ಒಣಗುತ್ತದೆ. ಯೌವನದ ಬಲಕ್ಕೆ ಆಟದ ನಿಯಮವು ಇಂತಹ ತೂಬು. ಅದು ಗಟ್ಟಿಯಾಗಿರಬೇಕು, ಆಗಾಗ ತೆಗೆದು ನೋಡಿ ಸರಿಪಡಿಸುವಂತೆಯೂ ಇರಬೇಕು.

ಪಂದ್ಯ ಮುಗಿದ ಮೇಲೆ ಬಯಲಿನ ಸುಣ್ಣದ ಗೆರೆ ಬಹಳ ದಿನ ನಿಲ್ಲುವುದಿಲ್ಲ. ದನಗಳ ಗೊರಸಿಗೆ ಸಿಕ್ಕು, ಒಂದು ಮಳೆಗೆ ತೊಳೆದು ಅಳಿಸಿಹೋಗುತ್ತದೆ. ಆದರೆ ಯಾರೂ ನೋಡದಿದ್ದಾಗಲೂ ಅದನ್ನು ದಾಟದೆ ಆಡಿ ಬೆಳೆದ ಹುಡುಗ, ಮುಂದೆ ಅಂಗಡಿಯಲ್ಲಿ ತಕ್ಕಡಿ ಹಿಡಿದಾಗಲೂ ಕಚೇರಿಯಲ್ಲಿ ಲೇಖನಿ ಹಿಡಿದಾಗಲೂ ತನ್ನ ಪಾಲೆಷ್ಟು, ಇತರರ ಪಾಲೆಷ್ಟು ಎಂಬುದನ್ನು ಮರೆಯಲಾರನು. ಹಿಡಿ ಸುಣ್ಣಕ್ಕೆ ಬಲ ಬಂದದ್ದು ಎಲ್ಲರೂ ಕೂಡಿ ಕೊಟ್ಟ ಮಾತಿನಿಂದ. ಕೊಟ್ಟ ಮಾತನ್ನು ನಡೆಸುವವರು ಇರುವವರೆಗೆ ಆ ಬಲಕ್ಕೆ ಕುಂದಿಲ್ಲ.